ಪುಶರ್ ಮಾಡೆಲ್ ವಿಮಾನದ ಇಂಜಿನ್ ಕಾಯದ ಹಾಗೆ ನೋಡ್ಕೊಳ್ಳುವುದು ಹೇಗೆ: ನಮ್ಮ ಕರಾವಳಿ ಸೆಕೆಗೆ ಸರಿಯಾಗಿ ಪೂರ್ತಿ ಗೈಡ್

ಪುಶರ್ ವಿಮಾನ, ಅಂದ್ರೆ ಪ್ರಾಪೆಲ್ಲರ್ (ಪ್ರಾಪ್) ಹಿಂದೆ ಇದ್ದು ಮುಂದಕ್ಕೆ ತಳ್ಳುವ ರಿಮೋಟ್ ಮಾಡೆಲ್, ಇಟ್ಕೊಂಡವರ ಕಂಪ್ಲೇಂಟ್ ಎಲ್ಲಾ ಒಂದೇ ತರ ಇರ್ತದೆ. ಮನೆ ಅಂಗಳದಲ್ಲಿ ಸ್ಟಾರ್ಟ್ ಮಾಡಿದ್ರೆ ಚಂದ ಓಡ್ತದೆ, ಟೇಕಾಫ್ ಸಹ ಆಗ್ತದೆ, ಎರಡು ಮೂರು ರೌಂಡ್ ಹೊಡೆದ ಮೇಲೆ ಸೌಂಡ್ ಮೆಲ್ಲ ಇಳೀತಾ ಬರ್ತದೆ, ಮತ್ತೆ ಮೇಲೇ ಆಫ್. ಇಳಿಸಿ ನೋಡಿದ್ರೆ ಹೆಡ್ ಹತ್ರ ಕೈ ತರ್ಲಿಕ್ಕೆ ಆಗುವುದಿಲ್ಲ. ಅದೇ ಇಂಜಿನ್ ಅದೇ ಫ್ಯುಯೆಲ್ ಸಾಮಾನ್ಯ ಟ್ರೇನರ್ ವಿಮಾನದ ಮೂತಿಗೆ ಹಾಕಿದ್ರೆ ಎಂತ ತೊಂದ್ರೆಯೂ ಇಲ್ಲ, ಮತ್ತೆ ಪುಶರಿಗೆ ಹಾಕಿದ್ರೆ ಪುನಃ ಅದೇ ಕಥೆ. ಇದರಲ್ಲಿ ಇಂಜಿನ್ ತಪ್ಪು ಕಮ್ಮಿ ಮಾರಾಯ್ರೇ. ಗಾಳಿಗೆ ಒಳಗೆ ಬರ್ಲಿಕ್ಕೆ ದಾರಿ ಎಲ್ಲರೂ ಕೊಡ್ತಾರೆ, ಹೊರಗೆ ಹೋಗ್ಲಿಕ್ಕೆ ದಾರಿ ಕೊಡುವುದು ಮರೀತಾರೆ, ಅರ್ಧಕ್ಕರ್ಧ ಕೇಸು ಅಲ್ಲೇ ಮುಗೀತದೆ, ಉಳಿದದ್ದು ಟ್ಯಾಂಕ್ ಮತ್ತು ಫ್ಯುಯೆಲ್ ಹೆಚ್ಚು ಕಮ್ಮಿ ಮಾಡುವ ಸ್ಕ್ರೂ ಆದ ನೀಡಲ್‌ನಲ್ಲಿ ಸಿಗ್ತದೆ.

ಮೊದ್ಲು ಪುಶರಲ್ಲಿ ಎಂತ ಬೇರೆ ಅಂತ ಸ್ವಲ್ಪ ನೋಡುವ. ಮುಂದೆ ಪ್ರಾಪ್ ಇದ್ರೆ ಥ್ರಾಟಲ್ ಕೊಟ್ಟ ಕೂಡ್ಲೆ ಪ್ರಾಪಿನ ಗಾಳಿ ಸೀದಾ ಸಿಲಿಂಡರ್ ಫಿನ್ (ಶಾಖ ಬಿಡುವ ತೆಳು ಪಟ್ಟಿ) ಮೇಲೆ ಬೀಳ್ತದೆ, ವಿಮಾನ ನಿಂತಿದ್ರೂ ಸಹ. ಪುಶರಲ್ಲಿ ಇಂಜಿನ್ ಇರುವುದು ಪ್ರಾಪ್ ಗಾಳಿಯನ್ನು ಎಳ್ಕೊಳ್ಳುವ ಕಡೆ. ವಿಮಾನ ನಿಂತಿರುವಾಗ ಪ್ರಾಪ್ ಇರುವ ಜಾಗದಲ್ಲಿ ಗಾಳಿಯ ವೇಗ, ಪ್ರಾಪ್ ಹಿಂದೆ ಪೂರ್ತಿ ಕಟ್ಟಿದ ಗಾಳಿಯ ಹರಿವಿನ, ಅಂದ್ರೆ ಸ್ಲಿಪ್‌ಸ್ಟ್ರೀಮಿನ ವೇಗದ ಅರ್ಧ ಮಾತ್ರ ಇರ್ತದೆ, ಅದಕ್ಕಿಂತ ಮುಂದೆ ಹೋದಷ್ಟೂ ಇನ್ನೂ ಕಮ್ಮಿ, ಮತ್ತೆ ಆ ಗಾಳಿ ಒಂದೇ ನೇರದಲ್ಲಿ ಬರುವುದೂ ಇಲ್ಲ, ಸುತ್ತಮುತ್ತ ಎಲ್ಲಾ ಕಡೆಯಿಂದ ನುಗ್ಗಿ ಬರ್ತದೆ. ಅದರ ಮೇಲೆ ಇಂಜಿನ್ ಎದುರು ದಪ್ಪ ಫ್ಯೂಸಲಾಜ್ (ವಿಮಾನದ ಮೈ) ಅಥವಾ ರೆಕ್ಕೆ ಅಡ್ಡ ನಿಂತಿದ್ರೆ ಫಿನ್ ಇರುವುದು ಸತ್ತ ಗಾಳಿಯಲ್ಲಿ. ಹಾಗಾಗಿ ನೆಲದಲ್ಲಿ ನಿಂತು ಟ್ಯೂನ್ ಮಾಡುವಾಗ ಪುಶರ್ ಇಂಜಿನ್ ಬೇಗ ಕಾಯ್ತದೆ, ಗಾಳಿಯಲ್ಲಿ ವೇಗ ಹಿಡಿದ ಮೇಲೆ ಸ್ವಲ್ಪ ಉಸಿರು ಸಿಗ್ತದೆ.

ಇನ್ನು ನಮ್ಮ ಊರಿನ ಹವೆ. ಏಪ್ರಿಲ್ ಮೇ ತಿಂಗಳು ಮಂಗ್ಳೂರು ಉಡುಪಿ ಕಡೆ 33-35 ಡಿಗ್ರಿ, ಬೆವರು ಆರುವುದೇ ಇಲ್ಲ. ಆದ್ರೆ ಬಿಸಿಲಿಗಿಂತ ಜಾಸ್ತಿ ಉಪದ್ರ ಕೊಡುವುದು ಇನ್ನೊಂದು ಉಂಟು. ಬೆಂಗ್ಳೂರಲ್ಲಿ ಟ್ಯೂನ್ ಮಾಡಿದ ವಿಮಾನವನ್ನು ರಜೆಗೆ ಊರಿಗೆ ತಂದು ಹಾಗೇ ಹಾರಿಸುವುದು. ಬೆಂಗ್ಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲೆ, ಅಲ್ಲಿ ಗಾಳಿ ತೆಳು. ಘಾಟಿ ಇಳಿದು ಬಂದ್ರೆ ಗಾಳಿ ಸುಮಾರು 8-9 ಪರ್ಸೆಂಟ್ ಜಾಸ್ತಿ ದಟ್ಟ, ನಮ್ಮ ಸೆಕೆ ಅದರಲ್ಲಿ ಸ್ವಲ್ಪ ಕಳೀತದೆ, ಆದ್ರೂ ಜಾಸ್ತಿಯೇ. ಇಂಜಿನಿಗೆ ಗಾಳಿ ಜಾಸ್ತಿ ಹೋಗಿ ಫ್ಯುಯೆಲ್ ಮೊದಲಿನಷ್ಟೇ ಹೋದ್ರೆ ಮಿಕ್ಸ್ಚರ್ ಲೀನ್ ಆಗ್ತದೆ, ಲೀನ್ ಆದ್ರೆ ಕಾಯ್ತದೆ. ಪ್ರಾಪಿಗೂ ದಟ್ಟ ಗಾಳಿ ತಳ್ಳುವ ಲೋಡ್ ಜಾಸ್ತಿ. ಊರಿಗೆ ತಂದ ಕೂಡ್ಲೆ ಫ್ಯುಯೆಲ್ ಜಾಸ್ತಿ ಹೋಗುವ ಹಾಗೆ ನೀಡಲ್ ಸ್ವಲ್ಪ ಬಿಚ್ಚಿ ಹೊಸದಾಗಿ ಟ್ಯೂನ್ ಮಾಡಿಯೇ ಹಾರಿಸಿ.

ಹಂತ 1: ಕೌಲ್ ಬೇಕಾ ಅಂತ ಮೊದ್ಲು ಕೇಳ್ಕೊಳ್ಳಿ

ನನ್ನ ಲೆಕ್ಕದಲ್ಲಿ ಸ್ಕೇಲ್ ಮಾಡೆಲ್ (ನಿಜವಾದ ವಿಮಾನದ ಸಣ್ಣ ನಕಲು) ಅಲ್ಲದಿದ್ರೆ ಕೌಲ್, ಅಂದ್ರೆ ಇಂಜಿನ್ ಮುಚ್ಚುವ ಕವಚ, ಬೇಡವೇ ಬೇಡ. ಹೆಡ್ ಮೇಲ್ಮುಖ ಮಾಡಿ ಫ್ಯೂಸಲಾಜಿಂದ ಹೊರಗೆ ಬಿಟ್ಟುಬಿಡಿ, ಚಂದ ಸ್ವಲ್ಪ ಕಮ್ಮಿ ಆಗ್ಬಹುದು, ಇಂಜಿನ್ ಉಳೀತದೆ. ಮಾಡುವ ಮೊದ್ಲು ವಿಮಾನವನ್ನು ಸೀದಾ ಎದುರಿಂದ, ಮೂತಿ ಕಡೆಯಿಂದ ಕಣ್ಣು ಸಮ ಮಾಡಿ ನೋಡಿ. ಸಿಲಿಂಡರಿನ ಫಿನ್ ಎಷ್ಟು ಕಾಣ್ತದೆ? ಪೂರ್ತಿ ಕಂಡ್ರೆ ಗಾಳಿಗೂ ಕಾಣ್ತದೆ. ಕ್ಯಾನೊಪಿ (ಪೈಲಟ್ ಕೂರುವ ಜಾಗದ ಮುಚ್ಚಳ) ಹಿಂದೆ ಮುಚ್ಚಿ ಹೋಗಿ ಬರೀ ಪ್ಲಗ್ಗಿನ ತುದಿ ಮಾತ್ರ ಕಾಣ್ತಾ ಇದ್ರೆ ಇಂಜಿನನ್ನು ಚೂರು ಎತ್ತರಕ್ಕೆ, ಒಂದು ಪೈಲನ್ (ಸಣ್ಣ ಕಂಬ) ಕಟ್ಟಿ ಕೂರಿಸಿ, ಇಲ್ಲದಿದ್ರೆ ಅಡ್ಡ ಮಲಗಿಸಿ ಹೆಡ್ ಬದಿಗೆ ತೆಗೀರಿ. ಪೈಲನ್ ತುಂಬ ಎತ್ತರ ಆದ್ರೆ ಥ್ರಾಟಲ್ ಕೊಡುವಾಗ ಮೂತಿ ಕೆಳಗೆ ಒತ್ತುವ ಕಾಟ ಶುರುವಾಗ್ತದೆ, ಅದನ್ನೂ ನೆನಪಿಟ್ಕೊಳ್ಳಿ.

ಹಂತ 2: ಕೌಲ್ ಹಾಕ್ಲೇಬೇಕಾದ್ರೆ ಗಾಳಿಯ ದಾರಿ

ಇದು ಮುಖ್ಯ ಭಾಗ, ಸ್ವಲ್ಪ ಉದ್ದ ಆಗ್ತದೆ. ಹಳೇ ಹೆಂಚಿನ ಮನೆಯಲ್ಲಿ ಎದುರು ಬಾಗಿಲು ತೆಗೆದು ಹಿಂದಿನ ಬಾಗಿಲು ಮುಚ್ಚಿಟ್ರೆ ಗಾಳಿ ಒಳಗೆ ಬರುವುದೇ ಇಲ್ಲ ಅಲ್ವಾ, ಕೌಲಿನ ಒಳಗೂ ಅಷ್ಟೇ. ಎದುರು ಗಾಳಿ ಹಿಡಿಯುವ ದೊಡ್ಡ ಬಾಯಿ, ಅಂದ್ರೆ ಸ್ಕೂಪ್ ಇಟ್ಟು ಹಿಂದೆ ಸಣ್ಣ ಸಂದು ಬಿಟ್ರೆ ಒಳಗೆ ಪ್ರೆಶರ್ ಕಟ್ಟಿ ಹೊಸ ಗಾಳಿ ಸ್ಕೂಪ್ ಬಾಯಲ್ಲೇ ಚೆಲ್ಲಿ ಹೋಗ್ತದೆ. ಅದರ ಮೇಲೆ ಫಿನ್ ದಾಟಿದ ಗಾಳಿ ಬಿಸಿಯಾಗಿ ಹಿಗ್ಗಿರ್ತದೆ, ಅದಕ್ಕೆ ಜಾಗ ಜಾಸ್ತಿಯೇ ಬೇಕು. ಹೊರಗೆ ಹೋಗುವ ಬಾಯಿ ಒಳಗೆ ಬರುವ ಬಾಯಿಗಿಂತ ಎರಡರಿಂದ ಮೂರು ಪಟ್ಟು ದೊಡ್ಡದಿರ್ಬೇಕು, ಇದು ಮಾಡೆಲ್ ಹಾರಿಸುವವರ ಹಳೇ ಲೆಕ್ಕ. 46 ಸೈಜ್ ಗ್ಲೋ ಇಂಜಿನ್ (ಮೆಥನಾಲಲ್ಲಿ ಓಡುವ ಸಣ್ಣ ಇಂಜಿನ್), ಅಂದ್ರೆ ಏಳೂವರೆ ಸಿಸಿ, ಅದಕ್ಕೆ ನಾನು ಶುರು ಮಾಡುವುದು 10-12 ಚದರ ಸೆಂಟಿಮೀಟರ್ ಒಳಬಾಯಿ, 30 ಚದರ ಸೆಂಟಿಮೀಟರ್ ಹೊರಬಾಯಿ. ಸಾಲದಿದ್ರೆ ಮೊದ್ಲು ದೊಡ್ಡದು ಮಾಡುವುದು ಹೊರಬಾಯಿಯನ್ನೇ.

ಒಳಬಾಯಿ ಇಡುವ ಜಾಗ ಗಾಳಿ ಒತ್ತುವ ಕಡೆ ಇರ್ಬೇಕು: ಮೂತಿಯಲ್ಲಿ, ರೆಕ್ಕೆ ಬುಡದ ಮುಂಭಾಗದಲ್ಲಿ, ಇಲ್ಲಾಂದ್ರೆ ಫ್ಯೂಸಲಾಜಿನ ಬದಿಯಲ್ಲಿ ಹೊರಗೆ ಚಾಚಿದ ಸ್ಕೂಪ್. ಬದಿಯ ಸ್ಕೂಪನ್ನು ಮೈಗೆ ಅಂಟಿಸಿ ಇಟ್ರೆ ಮೈಗೆ ತಾಗಿ ನಿಧಾನಕ್ಕೆ ಹರಿಯುವ ಗಾಳಿಯೇ ಒಳಗೆ ಹೋಗುವುದು, ಆದ್ದರಿಂದ ಬಾಯಿ ಸ್ವಲ್ಪ ಹೊರಗೆ ನಿಲ್ಲಲಿ, ಅಂಚು ಚೂಪಾಗಿ ಬಿಡ್ಬೇಡಿ, ಉರುಟು ಮಾಡಿ. ಹೊರಬಾಯಿಗೆ ಪುಶರಲ್ಲಿ ಒಂದು ಲಾಭ ಉಂಟು, ಎಷ್ಟೋ ಜನ ಅದನ್ನು ಬಳಸುವುದಿಲ್ಲ. ಪ್ರಾಪ್ ಗಾಳಿಯನ್ನು ಎಳೀತಾ ಇರ್ತದಲ್ಲ, ಕೌಲಿನ ಹಿಂದೆ ಸ್ಪಿನ್ನರ್ (ಪ್ರಾಪ್ ಮಧ್ಯದ ಟೊಪ್ಪಿ) ಸುತ್ತ ಬಳೆ ಆಕಾರದ ಸಂದು ಬಿಟ್ರೆ ಪ್ರಾಪೇ ಒಳಗಿನ ಬಿಸಿ ಗಾಳಿಯನ್ನು ಹೊರಗೆ ಹೀರ್ತದೆ, ನೆಲದಲ್ಲಿ ನಿಂತಾಗಲೂ ಅಷ್ಟಿಷ್ಟು ಕೆಲಸ ಮಾಡ್ತದೆ. ಸ್ಪಿನ್ನರಿಗೂ ಕೌಲಿಗೂ 2 ಮಿಲಿಮೀಟರ್ ಸಂದು ಇಟ್ಟು ಚಂದ ಕಾಣ್ಲಿ ಅಂತ ಮುಚ್ಚುವುದು ಟ್ರ್ಯಾಕ್ಟರ್, ಅಂದ್ರೆ ಮುಂದೆ ಪ್ರಾಪ್ ಇರುವ ವಿಮಾನದ ಅಭ್ಯಾಸ, ಇಲ್ಲಿಗೆ ಅದು ಆಗುವುದಿಲ್ಲ.

ಇನ್ನು ಬ್ಯಾಫಲ್, ಅಂದ್ರೆ ಗಾಳಿಯನ್ನು ಫಿನ್ ಮಧ್ಯೆ ತಿರುಗಿಸುವ ಅಡ್ಡ ತಗಡು. ಒಳಗೆ ಬಂದ ಗಾಳಿ ಸುಲಭದ ದಾರಿ ಹುಡುಕ್ತದೆ, ಇಂಜಿನ್ ಸುತ್ತ ಖಾಲಿ ಜಾಗ ಇದ್ರೆ ಅಲ್ಲಿಂದಲೇ ಹೋಗ್ತದೆ, ಫಿನ್ ಮಧ್ಯೆ ಎಂತಕ್ಕೆ ನುಗ್ತದೆ ಅದು? ಒತ್ತಾಯ ಮಾಡಿ ನುಗ್ಗಿಸ್ಬೇಕು. ಇದಕ್ಕೆ ನಮ್ಮಲ್ಲಿ ಒಳ್ಳೇ ಮಾಲು ಅಂದ್ರೆ ಆಫ್‌ಸೆಟ್ ಪ್ರೆಸ್ಸಿನವರು ಬಿಸಾಡುವ ಅಲ್ಯೂಮಿನಿಯಂ ಪ್ಲೇಟ್, ಉಡುಪಿ ಮಣಿಪಾಲ ಕಡೆ ಪ್ರೆಸ್ಸಿಗೆ ಬರಗಾಲ ಇಲ್ಲ, ಕೇಳಿದ್ರೆ ಸ್ಕ್ರಾಪ್ ರೇಟಿಗೆ ಕೊಡ್ತಾರೆ, ಕತ್ತರಿಯಲ್ಲೇ ಕಟ್ ಆಗ್ತದೆ. ಮೊದ್ಲು ಮದುವೆ ಕಾಗದದಂತಹ ದಪ್ಪ ಕಾಗದದಲ್ಲಿ ಅಳತೆ ತೆಗೀರಿ: ಕೌಲಿನ ಒಳ ಆಕಾರ ಹೊರಗೆರೆ, ಸಿಲಿಂಡರ್ ಫಿನ್ನಿನ ಆಕಾರ ಮಧ್ಯದ ತೂತು, ಫಿನ್ನಿಗೂ ತೂತಿನ ಅಂಚಿಗೂ ಸುತ್ತ 2-3 ಮಿಲಿಮೀಟರ್ ಬಿಡಿ. ಕಾಗದವನ್ನು ಇಂಜಿನಿಗೆ ತೊಡಿಸಿ ನೋಡಿ, ಕೌಲ್ ಹಾಕಿ ತೆಗೆದು ನೋಡಿ, ಸರಿ ಬಂದ ಮೇಲೆ ಪ್ಲೇಟ್ ಕಟ್ ಮಾಡಿ ಅಂಚನ್ನು 5 ಮಿಲಿಮೀಟರ್ ಮಡಚಿ, ಇಲ್ಲದಿದ್ರೆ ವೈಬ್ರೇಶನ್‌ಗೆ ಹರಿದು ಹೋಗ್ತದೆ. ಕೌಲಿಗೆ ತಾಗುವ ಕಡೆ ಸಿಲಿಕಾನ್ ಟ್ಯೂಬನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿದ್ರೆ ಸಂದೂ ಮುಚ್ತದೆ, ಗಡಗಡ ಶಬ್ದವೂ ಇಲ್ಲ. ಗಾಳಿ ನಿಜವಾಗಿ ಎಲ್ಲಿ ಹೋಗ್ತದೆ ಅಂತ ಡೌಟ್ ಇದ್ರೆ ಹೊರಬಾಯಿ ಹತ್ರ ಎರಡು ಇಂಚು ಉಲ್ಲನ್ ನೂಲು ಅಂಟಿಸಿ, ವಿಮಾನವನ್ನು ಗಟ್ಟಿ ಹಿಡ್ಕೊಂಡು ಎದುರಿಂದ ಪೆಡೆಸ್ಟಲ್ ಫ್ಯಾನ್ ಬಿಡಿ. ನೂಲು ಹಿಂದಕ್ಕೆ ನೇರ ಹಾರಿದ್ರೆ ಸರಿ, ಸುಮ್ನೆ ನೇತಾಡಿದ್ರೆ ಅಥವಾ ಒಳಗೆ ಎಳ್ಕೊಂಡ್ರೆ ಹೊರಬಾಯಿಯ ಜಾಗ ತಪ್ಪು.

ಹಂತ 3: ಇಂಜಿನ್ ತಿರುಗಿಸಿದಾಗ ಜೊತೆಗೆ ತಿರುಗುವ ವಿಷಯಗಳು

ಟ್ರ್ಯಾಕ್ಟರಿಗೆ ಅಂತ ಮಾಡಿದ ಇಂಜಿನನ್ನು ಹಿಂದು ಮುಂದು ಮಾಡಿ ಕೂರಿಸುವುದು ಅಂದ್ರೆ ದೊಡ್ಡವರಿಗೂ ತಲೆಬಿಸಿ ಕೊಟ್ಟ ವಿಷಯ. 1946ರಲ್ಲಿ ಮೊದಲು ಹಾರಿದ ಅಮೆರಿಕದ ಬಿ-36 ಬಾಂಬರಿಗೆ 28 ಸಿಲಿಂಡರಿನ ಆರು ಇಂಜಿನ್, ಆರೂ ಪುಶರ್. ತಿರುಗಿಸಿ ಹಾಕಿದ್ದಕ್ಕೆ ಕಾರ್ಬುರೇಟರ್ ಎದುರಿನ ತಂಪು ಗಾಳಿಗೆ ಬಂದು ಐಸ್ ಕಟ್ಟಿ ಮಿಕ್ಸ್ಚರ್ ಕೆಟ್ಟು ಇಂಜಿನಿಗೆ ಬೆಂಕಿ ಹಿಡಿಯುವುದೇ ಅದರ ದೊಡ್ಡ ಕೆಟ್ಟ ಹೆಸರಾಯ್ತು. ನಮ್ಮ ಸಣ್ಣ ಇಂಜಿನಲ್ಲಿ ಉಲ್ಟಾ, ಕಾರ್ಬ್ ಪ್ರಾಪ್ ಕಡೆ ಇರುವುದರಿಂದ ಅದು ಸಿಲಿಂಡರ್ ಹಿಂದೆ ಬಿಸಿ ಗಾಳಿಯಲ್ಲಿ ಕೂರ್ತದೆ. ಜೊತೆಗೆ ಸೈಲೆನ್ಸರ್ ಬಾಯಿ ಈಗ ಮುಂದಕ್ಕೆ ಮುಖ ಮಾಡಿರ್ತದೆ, ಅದರಿಂದ ಬಂದ ಹೊಗೆ ವಾಪಸ್ ಸಿಲಿಂಡರಿಗೇ ಹೊಡೀತದೆ. ಸೈಲೆನ್ಸರ್ ತಿರುಗಿಸಿ ಕಟ್ಲಿಕ್ಕೆ ಆಗ್ತದಾ ನೋಡಿ, ಪ್ರಾಪಿಗೆ ತಾಗ್ತದೆ ಅಂತಾದ್ರೆ ಸಿಲಿಕಾನ್ ಡಿಫ್ಲೆಕ್ಟರ್ ಹಾಕಿ ಹೊಗೆಯನ್ನು ಕೆಳಗೆ ಬದಿಗೆ ಬಿಡಿ, ಕೂಲಿಂಗ್ ಗಾಳಿಯ ಒಳಬಾಯಿ ಹತ್ರ ಮಾತ್ರ ಬೇಡ.

ಟ್ಯಾಂಕ್ ವಿಷಯ ಇನ್ನೂ ಮುಖ್ಯ, ಇಲ್ಲಿ ತುಂಬ ಜನ ಎಡವ್ತಾರೆ. ಟೇಕಾಫಲ್ಲಿ ವಿಮಾನ ಮುಂದೆ ನುಗ್ಗುವಾಗ ಫ್ಯುಯೆಲ್ ಟ್ಯಾಂಕಿನ ಹಿಂಭಾಗಕ್ಕೆ ಹೋಗ್ತದೆ. ಟ್ಯಾಂಕಿನ ಬಿರಡೆ ಇಂಜಿನ್ ಕಡೆ ಇರ್ಲಿ ಅಂತ ಬಿರಡೆಯನ್ನು ಬಾಲದ ಕಡೆ ಮಾಡಿ ಇಟ್ರೆ ಒಳಗಿನ ಕ್ಲಂಕ್ (ಫ್ಯುಯೆಲ್ ಹೀರುವ ಪೈಪಿನ ಭಾರದ ತುದಿ) ಮುಂಭಾಗದಲ್ಲಿ ನೇತಾಡ್ತದೆ, ಟ್ಯಾಂಕ್ ಅರ್ಧ ಆದ ಮೇಲೆ ಅದು ಗಾಳಿ ಹೀರ್ಲಿಕ್ಕೆ ಶುರು ಮಾಡ್ತದೆ, ಇಂಜಿನ್ ಲೀನ್ ಆಗಿ ಕಾಯ್ತದೆ, ಆಫ್ ಆಗ್ತದೆ, ನೀವು ಕೂಲಿಂಗ್ ಸರಿಯಿಲ್ಲ ಅಂತ ಕೌಲ್ ಕೊರೀತಾ ಕೂರ್ತೀರಿ. ಬಿರಡೆ ಮೂತಿ ಕಡೆ, ಕ್ಲಂಕ್ ಬಾಲದ ಕಡೆ, ಪೈಪನ್ನು ಟ್ಯಾಂಕಿನ ಬದಿಯಿಂದ ಹಿಂದಕ್ಕೆ ತನ್ನಿ, ಅಷ್ಟೇ. ಪೈಪ್ ಬಿಸಿ ಕ್ರ್ಯಾಂಕ್‌ಕೇಸಿಗೆ ತಾಗದ ಹಾಗೆ ಒಂದು ಕ್ಲಿಪ್ ಹಾಕಿ.

ಹಂತ 4: ಪ್ರಾಪ್

ಇಂಜಿನ್ ತಿರುಗುವ ದಿಕ್ಕು ಬದಲಾಗುವುದಿಲ್ಲ, ಹಾಗಾಗಿ ಪುಶರ್ ಪ್ರಾಪೇ ಬೇಕು. ಎಪಿಸಿ ಕಂಪೆನಿಯವರ ಪ್ರಾಪಲ್ಲಿ ಸೈಜ್ ನಂಬರಿನ ಕೊನೆಗೆ ಪಿ ಅಂತ ಇರ್ತದೆ. ಯಾವ ಪ್ರಾಪ್ ಆದ್ರೂ ಅಕ್ಷರ ಇರುವ ಬದಿ ವಿಮಾನ ಹಾರುವ ದಿಕ್ಕಿಗೆ ಮುಖ ಮಾಡ್ಬೇಕು, ಪುಶರಲ್ಲಿ ಅಂದ್ರೆ ಇಂಜಿನ್ ಕಡೆಗೆ. ಉಲ್ಟಾ ಹಾಕಿದ್ರೂ ಸ್ವಲ್ಪ ಥ್ರಸ್ಟ್ ಬರ್ತದೆ, ಇಂಜಿನ್ ಮಾತ್ರ ಸುಮ್ನೆ ಒದ್ದಾಡ್ತದೆ. ಲೋಡ್ ಒಂದು ಮೆಟ್ಟಿಲು ಕಮ್ಮಿ ಇಡಿ, ಟ್ರ್ಯಾಕ್ಟರಲ್ಲಿ 11×6 (ಇಂಚಲ್ಲಿ ಉದ್ದ × ಪಿಚ್) ಹಾಕ್ತಿದ್ರೆ ಇಲ್ಲಿ 11×5 ಅಥವಾ 10×6ರಲ್ಲಿ ಶುರು ಮಾಡಿ.

ಹಂತ 5: ಫ್ಯುಯೆಲ್ ಮತ್ತು ನೀಡಲ್

ಗ್ಲೋ ಇಂಜಿನ್ ಎಷ್ಟೋ ಪಾಲು ತಂಪಾಗುವುದು ಫ್ಯುಯೆಲ್‌ನಿಂದಲೇ. ಮೆಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಶಾಖ ಎಳ್ಕೊಳ್ತದೆ, ಮತ್ತೆ ಅದೇ ಗಾಳಿಗೆ ಎರಡು ಪಟ್ಟಿಗಿಂತ ಜಾಸ್ತಿ ಮೆಥನಾಲ್ ಬೇಕು. ಇದರಿಂದಾಗಿ ನೀಡಲ್ ಎರಡು ಕ್ಲಿಕ್ ಜಾಸ್ತಿ ಮುಚ್ಚಿದ್ರೆ ಆ ಕೂಲಿಂಗೇ ಹೋಯ್ತು. ಎಣ್ಣೆ 18-20 ಪರ್ಸೆಂಟ್ ಇರುವ ಫ್ಯುಯೆಲ್ ತಗೊಳ್ಳಿ, ಅದರಲ್ಲಿ ಸ್ವಲ್ಪ ಭಾಗ ಹರಳೆಣ್ಣೆ ಇದ್ರೆ ಪುಶರಿಗೆ ಒಳ್ಳೇದು, ಸಿಂಥೆಟಿಕ್ ಎಣ್ಣೆ ಸುಟ್ಟು ಹೋಗುವಷ್ಟು ಬಿಸಿಯಲ್ಲೂ ಹರಳೆಣ್ಣೆ ಲೋಹದ ಮೇಲೆ ನಿಲ್ತದೆ. ಹೆಡ್ ಕಂದು ಬಣ್ಣ ಆಗ್ತದೆ, ಆಗ್ಲಿ ಬಿಡಿ.

ಮೆಥನಾಲ್ ಗಾಳಿಯಿಂದ ನೀರು ಎಳ್ಕೊಳ್ತದೆ. ಮಳೆಗಾಲದ ಮಂಗ್ಳೂರಲ್ಲಿ ಕ್ಯಾನ್ ಮುಚ್ಚಳ ಸಡಿಲ ಬಿಟ್ರೆ ಫ್ಯುಯೆಲ್ ಹಾಳು, ನೀಡಲ್ ಎಷ್ಟು ತಿರುಗಿಸಿದ್ರೂ ಒಂದು ಕಡೆ ನಿಲ್ಲುವುದಿಲ್ಲ. ಸಣ್ಣ ಕ್ಯಾನಲ್ಲಿ ತುಂಬ ತುಂಬಿಸಿ ಗಟ್ಟಿ ಮುಚ್ಚಿಡಿ. ಮತ್ತೆ ಮೆಥನಾಲ್ ವಿಷ, ಮಕ್ಕಳ ಕೈಗೆ ಸಿಗ್ಬಾರ್ದು, ಅದರ ಬೆಂಕಿ ಬಿಸಿಲಲ್ಲಿ ಕಣ್ಣಿಗೆ ಕಾಣುವುದೂ ಇಲ್ಲ.

ಪೆಟ್ರೋಲ್ ಇಂಜಿನ್ ಇದ್ದವರಿಗೆ ಈಗಿನ ತಲೆನೋವು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್. ಬರೀ ಪೆಟ್ರೋಲ್ ಒಂದು ಕೆಜಿ ಪೂರ್ತಿ ಉರೀಲಿಕ್ಕೆ 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಸಾಕು, ಇ20ಗೆ ಸುಮಾರು 13.5 ಬರ್ತದೆ. ಅಂದ್ರೆ ಹಳೇ ಸೆಟ್ಟಿಂಗಲ್ಲಿ ಇ20 ಹಾಕಿದ್ರೆ ಇಂಜಿನ್ ಲೀನ್. ಎಚ್ ನೀಡಲ್ (ಹೈ ಸ್ಪೀಡಿನದ್ದು) ಚೂರು ಬಿಚ್ಚಿ. ವಾಲ್‌ಬ್ರೋ ಕಾರ್ಬಿನ ಡಯಾಫ್ರಮ್ ಕೂಡ ಎಥನಾಲಿಗೆ ಗಟ್ಟಿಯಾಗ್ತದೆ, ಆಗಾಗ ತೆಗೆದು ಬೆರಳಲ್ಲಿ ಒತ್ತಿ ನೋಡಿ, ಮೆತ್ತಗೆ ಇಲ್ಲದಿದ್ರೆ ಬದಲಾಯಿಸಿ. 30ಕ್ಕೆ 1 ಲೆಕ್ಕದಲ್ಲಿ ಎಣ್ಣೆ ಅಂದ್ರೆ ಲೀಟರಿಗೆ 33 ಮಿಲಿ, 40ಕ್ಕೆ 1 ಅಂದ್ರೆ 25 ಮಿಲಿ, ಪುಶರಿಗೆ ನನ್ನ ಓಟು 30ಕ್ಕೆ, ಇಂಜಿನ್ ಕಂಪೆನಿಯವರು ಬೇರೆ ಹೇಳಿದ್ರೆ ಅವರದ್ದೇ ಸರಿ.

ಟ್ಯೂನ್ ಮಾಡುವಾಗ ಮೂತಿ ಗಾಳಿಗೆ ಎದುರು ಇರ್ಲಿ, ನಮ್ಮಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಪಡುವಣದಿಂದ ಬರ್ತದೆ, ಮೂತಿ ಪಡುವಣಕ್ಕೆ ಮಾಡಿ. ಬೆಂಚಲ್ಲಿ ಆದ್ರೆ ಎದುರು ಅದೇ ಪೆಡೆಸ್ಟಲ್ ಫ್ಯಾನ್. ಫುಲ್ ಥ್ರಾಟಲಲ್ಲಿ ನೀಡಲ್ ಮುಚ್ಚುತ್ತಾ ಟಾಪ್ ಆರ್‌ಪಿಎಂ ಹುಡುಕಿ, ಅಲ್ಲಿಂದ ವಾಪಸ್ ಬಿಚ್ಚಿ 300-400 ಆರ್‌ಪಿಎಂ ಇಳಿಸಿ, ಬೇಗ ಮುಗಿಸಿ. ಟ್ರ್ಯಾಕ್ಟರಲ್ಲಿ ಮೂತಿ ಮೇಲೆತ್ತಿ ನೋಡುವ ಟೆಸ್ಟ್ ಉಂಟಲ್ಲ, ಪುಶರಲ್ಲಿ ಟ್ಯಾಂಕ್ ಇಂಜಿನ್ ಮುಂದೆ ಇರುವುದರಿಂದ ಮೂತಿ ಎತ್ತಿದ್ರೆ ರಿಚ್ (ಫ್ಯುಯೆಲ್ ಜಾಸ್ತಿ) ಆಗ್ತದೆ, ಕೆಳಗೆ ಮಾಡಿದ್ರೆ ಲೀನ್. ಇನ್ನೊಬ್ರ ಹತ್ರ ಗಟ್ಟಿ ಹಿಡೀಲಿಕ್ಕೆ ಹೇಳಿ, ಪ್ರಾಪ್ ಹಿಂದೆ ಯಾರೂ ನಿಲ್ಲದ ಹಾಗೆ ನೋಡಿ ಮೂತಿ ಕೆಳಗೆ ಮಾಡಿ ಟೆಸ್ಟ್ ಮಾಡಿ, ಆಗ ಸೌಂಡ್ ಬಿಗಿಯಾಗಿ ಸೊರಗಿದ್ರೆ ಇನ್ನೆರಡು ಕ್ಲಿಕ್ ಬಿಚ್ಚಿ.

ಹಂತ 6: ಬಿಸಿ ಅಳೆಯುವುದು

ಅಂಗಡಿಯಲ್ಲಿ ಸಿಗುವ ಇನ್‌ಫ್ರಾರೆಡ್ ಗನ್ ಸಾಕು, ಆದ್ರೆ ಹೊಳೆಯುವ ಅಲ್ಯೂಮಿನಿಯಂ ಹೆಡ್ಡಿಗೆ ಸೀದಾ ಹಿಡಿದ್ರೆ ಅದು ಸುಳ್ಳು ಹೇಳ್ತದೆ. ಹೊಳಪಿನ ಲೋಹ ಇನ್‌ಫ್ರಾರೆಡ್ ತುಂಬ ಕಮ್ಮಿ ಬಿಡ್ತದೆ, ಗನ್ ನಿಜಕ್ಕಿಂತ ಎಷ್ಟೋ ಕಮ್ಮಿ ತೋರಿಸಿ ನಿಮಗೆ ಸಮಾಧಾನ ಮಾಡ್ತದೆ. ಹೆಡ್ಡಿನ ಬದಿಯಲ್ಲಿ ಬೆರಳ ಉಗುರಿನಷ್ಟು ಜಾಗಕ್ಕೆ ಬೈಕ್ ಸೈಲೆನ್ಸರಿಗೆ ಹೊಡೆಯುವ ಮ್ಯಾಟ್ ಕಪ್ಪು ಪೇಂಟ್ ಹಚ್ಚಿ, ಯಾವಾಗಲೂ ಅದಕ್ಕೇ ಗುರಿ ಇಟ್ಟು ಹತ್ರದಿಂದ ಅಳೀರಿ. ಇಳಿದ ಕೂಡ್ಲೆ ಗ್ಲೋ ಇಂಜಿನ್ 100-130 ಡಿಗ್ರಿ ಒಳಗಿದ್ರೆ ತಲೆಬಿಸಿ ಬೇಡ, 150 ಹತ್ರ ಹೋದ್ರೆ ಆವತ್ತಿಗೆ ಹಾರಿಸುವುದು ನಿಲ್ಲಿಸಿ ಕಾರಣ ಹುಡುಕಿ. ಪೆಟ್ರೋಲ್ ಇಂಜಿನ್ 160ರವರೆಗೂ ಹೋಗ್ತದೆ. ಟೆಲಿಮೆಟ್ರಿ (ವಿಮಾನದಿಂದ ಅಳತೆ ವಾಪಸ್ ಕಳಿಸುವ ವ್ಯವಸ್ಥೆ) ಇರುವ ರೇಡಿಯೋ ಇದ್ರೆ ಪ್ಲಗ್ ಬುಡಕ್ಕೆ ಹಾಕುವ ಉಂಗುರದ ಸೆನ್ಸರ್ ತಗೊಳ್ಳಿ, ಮೇಲೆ ಹಾರುವಾಗಿನ ಬಿಸಿ ಗೊತ್ತಾಗುವುದು ಅದರಿಂದ ಮಾತ್ರ.

ಮೀಟರ್ ಇಲ್ಲದೆಯೂ ಗೊತ್ತಾಗ್ತದೆ. ಎಕ್ಸಾಸ್ಟಿಂದ ಬರುವ ಎಣ್ಣೆ ಕಪ್ಪಗೆ ಆಯ್ತು ಅಂದ್ರೆ, ಪ್ಲಗ್ಗಿನ ತಂತಿ ಹೊಳಪು ಹೋಗಿ ಬೆಳ್ಳಗೆ ಸೊಟ್ಟ ಆಗಿದ್ರೆ, ಇಂಜಿನ್ ಸೌಂಡಲ್ಲಿ ಬಾಣಲೆಯಲ್ಲಿ ಸಾಸಿವೆ ಸಿಡಿಯುವಂತ ಚಟಚಟ ಬಂದ್ರೆ ಲೀನ್ ಮತ್ತು ಬಿಸಿ. ಟ್ಯಾಂಕ್ ತುಂಬ ಇರುವಾಗ ಸರಿ, ಅರ್ಧ ಆದ ಮೇಲೆ ಕೆಡ್ತದೆ ಅಂದ್ರೆ ಕ್ಲಂಕ್ ನೋಡಿ. ಶುರುವಿಂದಲೇ ಮೆಲ್ಲ ಸೊರಗ್ತದೆ ಅಂದ್ರೆ ಗಾಳಿಯ ದಾರಿ.

ಹಂತ 7: ಹಾರಿಸುವಾಗ

ಸ್ಟಾರ್ಟ್ ಮಾಡಿ ಪಟ್ಟಾಂಗ ಹೊಡೀತಾ ನಿಲ್ಬೇಡಿ, ಪುಶರಿಗೆ ನೆಲವೇ ಶತ್ರು. ಕೊಯ್ಲಾದ ಗದ್ದೆ, ಮುರಕಲ್ಲಿನ ಬಯಲು ಎಲ್ಲಾ ಕಡೆ ಕೆಂಪು ಧೂಳು, ಚಕ್ರ ಎಬ್ಬಿಸಿದ್ದನ್ನೆಲ್ಲ ಹಿಂದಿನ ಪ್ರಾಪ್ ಎಳ್ಕೊಳ್ತದೆ, ಎಣ್ಣೆ ಇರುವ ಫಿನ್ನಿಗೆ ಧೂಳು ಕೂತು ಕಂಬಳಿ ಹೊದೆಸಿದ ಹಾಗೆ. ಆಗಾಗ ಹಳೇ ಟೂತ್‌ಬ್ರಶ್ಶಲ್ಲಿ ಉಜ್ಜಿ. ಬೀಚಲ್ಲಿ ಆದ್ರೆ ಹೊಯಿಗೆ ಮೇಲಿಂದ ಟೇಕಾಫ್ ಬೇಡ, ಕೈಯಿಂದ ಬಿಡಿ. ಫುಲ್ ಥ್ರಾಟಲಲ್ಲಿ ಸೀದಾ ಮೇಲೆ ಹತ್ತಿಸುವುದು ಅತಿ ಕೆಟ್ಟದ್ದು, ಲೋಡ್ ಪೂರ್ತಿ, ವೇಗ ಇಲ್ಲ, ಗಾಳಿಯೂ ಇಲ್ಲ. ಮೊದ್ಲು ವೇಗ ಹಿಡಿದು ಓರೆಯಾಗಿ ಹತ್ತಿಸಿ. ಇಳಿಯುವ ಮೊದ್ಲು ಅರ್ಧಕ್ಕಿಂತ ಕಮ್ಮಿ ಥ್ರಾಟಲಲ್ಲಿ ಒಂದೆರಡು ರೌಂಡ್ ಹೊಡೆಸಿದ್ರೆ ಇಂಜಿನ್ ಗಾಳಿಯಲ್ಲಿ ಇರುವಾಗಲೇ ತಣೀತದೆ. ಜಾಗ ಹುಡುಕುವಾಗ ಬಜ್ಪೆ ಏರ್‌ಪೋರ್ಟ್ ನೆನಪಿರ್ಲಿ, ಎಲ್ಲಿ ಹಾರಿಸ್ಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ಝೋನ್ ನೋಡದೆ ಹಾರಿಸ್ಲೇಬೇಡಿ.

ಎಲೆಕ್ಟ್ರಿಕ್ ಪುಶರ್ ಇದ್ದವರಿಗೆ

ಇಂಜಿನ್ ಇಲ್ಲ ಅಂತ ಖುಷಿ ಬೇಡ. ಬಾಲ ಇಲ್ಲದೆ ಬರೀ ರೆಕ್ಕೆ ಇರುವ ಫೋಮ್ ಫ್ಲೈಯಿಂಗ್ ವಿಂಗಲ್ಲಿ, ಮೋಟಾರಿನ ವೇಗ ಕಂಟ್ರೋಲ್ ಮಾಡುವ ಇಎಸ್‌ಸಿಯನ್ನು ಒಳಗೆ ಹುಗಿದು ಮೇಲೆ ಟೇಪ್ ಹೊಡೀತಾರೆ, ಫೋಮ್ ಅಂದ್ರೆ ಶಾಖ ಬಿಡದ ಮಾಲು. ಮೂತಿಯಲ್ಲಿ ತೂತು, ಮೋಟಾರ್ ಹತ್ರ ಅದಕ್ಕಿಂತ ದೊಡ್ಡ ತೂತು, ಮಧ್ಯದ ದಾರಿಯಲ್ಲಿ ಇಎಸ್‌ಸಿಯ ಹೀಟ್‌ಸಿಂಕ್ ಬದಿ ಗಾಳಿಗೆ ಕಾಣ್ಲಿ. ಶಾಖ ಕರೆಂಟಿನ ವರ್ಗಕ್ಕೆ ಸರಿಯಾಗಿ ಏರ್ತದೆ, 20 ಆಂಪಿಂದ 30ಕ್ಕೆ ಹೋದ್ರೆ ಎರಡು ಪಟ್ಟಿಗಿಂತ ಜಾಸ್ತಿ, ಅದಕ್ಕೆ ವಾಟ್ ಮೀಟರ್ ಹಾಕಿ ಫುಲ್ ಥ್ರಾಟಲ್ ಆಂಪ್ ನೋಡಿ ಇಎಸ್‌ಸಿ ರೇಟಿಂಗಿನ ಮುಕ್ಕಾಲು ಭಾಗದ ಒಳಗೆ ಇಡಿ. ಅರ್ಧ ಥ್ರಾಟಲಲ್ಲಿ ಹಾರಿಸಿದ್ರೆ ಇಎಸ್‌ಸಿ ತಂಪಿರ್ತದೆ ಅಂತ ಅಂದ್ಕೊಳ್ಬೇಡಿ, ಸ್ವಿಚ್ಚಿಂಗಿನ ಬಿಸಿ ಅಲ್ಲಿ ಉಂಟು. ಸಾಮಾನ್ಯ ಗ್ರೇಡಿನ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದ್ರೆ ಶಕ್ತಿ ಕಳ್ಕೊಳ್ತದೆ, ಎಚ್ ಗ್ರೇಡ್ ಆದ್ರೆ 120. ಮ್ಯಾಗ್ನೆಟ್ ಸೊರಗಿದ್ರೆ ಮೋಟಾರ್ ಅದೇ ಕೆಲಸಕ್ಕೆ ಇನ್ನೂ ಜಾಸ್ತಿ ಕರೆಂಟ್ ಎಳೀತದೆ, ಇನ್ನೂ ಕಾಯ್ತದೆ. ಲಿಪೋ ಬ್ಯಾಟರಿ 60 ಡಿಗ್ರಿ ದಾಟ್ಬಾರ್ದು, ಬಿಸಿಲಲ್ಲಿ ನಿಲ್ಲಿಸಿದ ಕಾರೊಳಗೆ ಇಟ್ಟು ತಂದ ಬ್ಯಾಟರಿ ಆ ದಾರಿಯಲ್ಲಿ ಅರ್ಧ ಮೊದಲೇ ಹೋಗಿ ಆಗಿರ್ತದೆ.

ಮನೆಗೆ ಬಂದ ಮೇಲೆ

ಫ್ಯುಯೆಲ್ ಪೈಪ್ ಒತ್ತಿ ಹಿಡಿದು ಇಂಜಿನ್ ತನ್ನಷ್ಟಕ್ಕೆ ಆಫ್ ಆಗುವವರೆಗೆ ಓಡಿಸಿ, ಒಳಗೆ ಉಳಿದ ಮೆಥನಾಲ್ ಸುಟ್ಟು ಹೋಗ್ಲಿ. ಆಮೇಲೆ ಆಫ್ಟರ್‌ರನ್ ಎಣ್ಣೆ (ಓಡಿಸಿದ ಮೇಲೆ ತುಕ್ಕು ಹಿಡಿಯದ ಹಾಗೆ ಹಾಕುವ ಎಣ್ಣೆ) ನಾಲ್ಕು ಹನಿ ಕಾರ್ಬಿಗೆ, ಎರಡು ಹನಿ ಪ್ಲಗ್ ತೂತಿಗೆ, ಪ್ರಾಪ್ ಕೈಯಲ್ಲಿ ತಿರುಗಿಸಿ. ನಮ್ಮ ಉಪ್ಪು ಗಾಳಿಗೆ ಹಿಂದಿನ ಬೇರಿಂಗ್ ತುಕ್ಕು ಹಿಡಿಯುವುದು ಬೇಗ, ತುಕ್ಕು ಹಿಡಿದ ಬೇರಿಂಗ್ ತಾನೇ ಬಿಸಿ ಹುಟ್ಟಿಸ್ತದೆ, ಎಷ್ಟು ಬ್ಯಾಫಲ್ ಕಟ್ಟಿದ್ರೂ ಅದು ತಣಿಯುವುದಿಲ್ಲ. ಪ್ಲಗ್ ತೆಗೆದು ಪ್ರಾಪ್ ತಿರುಗಿಸುವಾಗ ಕರಕರ ಅಂದ್ರೆ ಬಿಚ್ಚಿ ಬೇರಿಂಗ್ ಮೇಲಿನ ನಂಬರ್ ಬರ್ಕೊಳ್ಳಿ, ಬೇರಿಂಗ್ ಅಂಗಡಿಯಲ್ಲಿ ಆ ನಂಬರಿಗೇ ಸಿಗ್ತದೆ, ಪ್ಲಾಸ್ಟಿಕ್ ಕೇಜ್ ಇರುವುದು ಕೊಟ್ರೆ ಬಿಸಿಗೆ ಆಗುವಂಥದ್ದಾ ಅಂತ ಕೇಳಿ ತಗೊಳ್ಳಿ.